ವಿಶ್ವಕಪ್, ಒಲಿಂಪಿಕ್ಸ್ ಯಾವ ಊರಿಗೆ ಅಂತ ನಿಜಕ್ಕೂ ಹೇಗೆ ತೀರ್ಮಾನ ಆಗುತ್ತೆ?

ಒಳ್ಳೆ ಸ್ಟೇಡಿಯಂ, ಹೋಟೆಲು, ದುಡ್ಡು ಇದ್ದರೆ ಸಾಕಲ್ವಾ, ದೊಡ್ಡ ಕ್ರೀಡಾಕೂಟಕ್ಕೆ ಊರು ಆರಿಸುವಾಗ ಸಂಸ್ಕೃತಿ, ರಾಜಕೀಯ ಯಾಕೆ ನಡುವೆ ಬರುತ್ತೆ ಅಂತ ಕೇಳಿದ್ದೀರಿ. ಸ್ಟೇಡಿಯಂ ಹೇಗೂ ಆಮೇಲೆ ಕಟ್ಟಬಹುದು. ಓಟು ಯಾರ ಕೈಯಲ್ಲಿದೆ ಮತ್ತು ಆ ಊರಿನ ಜನರನ್ನು ಯಾರಾದರೂ ಕೇಳಿದ್ದಾರಾ, ನಾನು ಮೊದಲು ನೋಡುವುದು ಇವೆರಡನ್ನೇ.

ನಾನು ಕಾಸರಗೋಡಿನವನು. ನಮ್ಮಲ್ಲಿ ಉಪ್ಪಳದಿಂದ ತೃಕ್ಕರಿಪುರದವರೆಗೆ ಎಲ್ಲಿ ಹೋದರೂ ಗಲ್ಫ್‌ನಲ್ಲಿ ದುಡಿಯುವವರ ಮನೆಗಳು ಸಿಗುತ್ತವೆ. ಹಾಗಾಗಿ ಕತಾರ್‌ನಿಂದಲೇ ಶುರುಮಾಡ್ತೇನೆ. 2022ರ ಫುಟ್‌ಬಾಲ್ ವಿಶ್ವಕಪ್ ಯಾರಿಗೆ ಅಂತ 2010ರ ಡಿಸೆಂಬರ್ 2ರಂದು ಜೂರಿಕ್‌ನಲ್ಲಿ ಫುಟ್‌ಬಾಲಿನ ಜಾಗತಿಕ ಸಂಸ್ಥೆ ಫಿಫಾದ 22 ಜನ ಓಟು ಹಾಕಿದರು. ಕೊನೆಯ ಸುತ್ತಿನಲ್ಲಿ ಕತಾರ್‌ಗೆ 14, ಅಮೆರಿಕಕ್ಕೆ 8. ಜೂನ್-ಜುಲೈಯಲ್ಲಿ ಆಟ ಅಂತ ಹೇಳಿಯೇ ಕತಾರ್ ಅದನ್ನು ಗೆದ್ದದ್ದು. ಆ ತಿಂಗಳುಗಳಲ್ಲಿ ದೋಹಾದ ಬಿಸಿಲು ಹೇಗಿರುತ್ತೆ ಅಂತ ಅಲ್ಲಿ ಕಟ್ಟಡದ ಕೆಲಸ ಮಾಡಿ ಬಂದ ನಮ್ಮೂರಿನ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಕೊನೆಗೆ 2015ರಲ್ಲಿ ಫಿಫಾ ಆಟವನ್ನೇ ನವೆಂಬರ್-ಡಿಸೆಂಬರ್‌ಗೆ ತಳ್ಳಿತು. ಅದಕ್ಕಾಗಿ ಯುರೋಪಿನ ಲೀಗ್‌ಗಳು ಸೀಸನ್ ನಡುವೆ ನಿಲ್ಲಬೇಕಾಯಿತು.

ಅಷ್ಟು ಸಣ್ಣ ದೇಶಕ್ಕೆ ಇದೆಲ್ಲ ಯಾಕೆ ಬೇಕಿತ್ತು? ಸುತ್ತಮುತ್ತ ದೊಡ್ಡ ದೇಶಗಳಿವೆ. ಗ್ಯಾಸ್‌ನಿಂದ ಬಂದ ದುಡ್ಡಿದೆ, ಆದರೆ ಸೈನ್ಯ ಚಿಕ್ಕದು. ಜಗತ್ತಿಗೆಲ್ಲ ಹೆಸರು ಗೊತ್ತಿರುವ ದೇಶವನ್ನು ಒತ್ತಡ ಹಾಕಿ ಮಣಿಸುವುದು ಕಷ್ಟ. 2017ರ ಜೂನ್‌ನಲ್ಲಿ ಸೌದಿ, ಯುಎಇ, ಬಹರೈನ್, ಈಜಿಪ್ಟ್ ಸೇರಿ ಕತಾರ್‌ಗೆ ದಿಗ್ಬಂಧನ ಹಾಕಿದವು. ಅಣ್ಣ ದುಬೈಯಲ್ಲಿ, ತಮ್ಮ ದೋಹಾದಲ್ಲಿ ಇದ್ದ ಮನೆಗಳು ನಮ್ಮಲ್ಲಿ ಎಷ್ಟೋ. ನೇರ ವಿಮಾನ ನಿಂತುಹೋಗಿ, ಮಸ್ಕತ್ ಅಥವಾ ಕುವೈತ್ ಸುತ್ತಿ ಹೋಗಬೇಕಾಯಿತು. ಅದು ಮುಗಿದದ್ದು 2021ರ ಜನವರಿಯಲ್ಲಿ. ಮರುವರ್ಷದ ವಿಶ್ವಕಪ್‌ಗೆ ಅದೇ ದುಬೈಯಿಂದ ಜನ ದಿನವೂ ವಿಮಾನ ಹತ್ತಿ ದೋಹಾಕ್ಕೆ ಹೋಗಿ ಆಟ ನೋಡಿ ಬಂದರು.

ಅಲ್ಲಿನ ಸಂಸ್ಕೃತಿಯೂ ಎದ್ದು ಕಂಡಿತು. ಅಲ್ ಬೈತ್ ಸ್ಟೇಡಿಯಂಗೆ ಮರುಭೂಮಿಯ ಡೇರೆಯ ಆಕಾರ, ಅಲ್ ಥುಮಾಮಕ್ಕೆ ಅರಬ್ಬರ ಟೊಪ್ಪಿಯ ಆಕಾರ. ಫೈನಲ್ ಇಟ್ಟದ್ದು ಡಿಸೆಂಬರ್ 18ಕ್ಕೆ, ಅದು ಅವರ ರಾಷ್ಟ್ರೀಯ ದಿನ. ಸ್ಟೇಡಿಯಂ ಆವರಣದಲ್ಲಿ ಬಿಯರ್ ಮಾರುವಂತಿಲ್ಲ ಅಂತ ಹೇಳಿದ್ದು ಆಟ ಶುರುವಾಗಲು ಎರಡೇ ದಿನ ಇರುವಾಗ. ಪಾಶ್ಚಾತ್ಯ ಪತ್ರಿಕೆಗಳು ಇದನ್ನೇ ಹಿಡಿದು ಎಳೆದಾಡಿದವು. ನನಗೆ ಅದು ದೊಡ್ಡ ವಿಷಯವೇ ಅಲ್ಲ. ಕೆಲಸಗಾರರ ವಿಷಯ ದೊಡ್ಡದು. ಕೆಲಸ ಬದಲಿಸಬೇಕಾದರೆ ಮಾಲೀಕನ ಒಪ್ಪಿಗೆ ಪತ್ರ ಬೇಕು ಅನ್ನುವ ನಿಯಮವನ್ನು ಕತಾರ್ 2020ರಲ್ಲಿ ತೆಗೆಯಿತು. 2021ರ ಮಾರ್ಚ್‌ನಿಂದ ಕನಿಷ್ಠ ಸಂಬಳ ತಿಂಗಳಿಗೆ 1000 ರಿಯಾಲ್ ಆಯಿತು. ಜಗತ್ತಿನ ಕಣ್ಣು ಅಲ್ಲಿ ಇಲ್ಲದಿದ್ದರೆ ಅದು ಅಷ್ಟು ಬೇಗ ಆಗುತ್ತಿರಲಿಲ್ಲ ಅಂತ ನನಗೆ ಅನ್ನಿಸುತ್ತೆ. ಆದರೆ ಅದಕ್ಕೂ ಮೊದಲು ಆ ಬಿಸಿಲಲ್ಲಿ ಸತ್ತವರಿಗೆ ಅದರಿಂದ ಏನೂ ಸಿಗಲಿಲ್ಲ.

ಇನ್ನು ಜನರನ್ನು ಕೇಳುವ ವಿಷಯ. 1956ರಲ್ಲಿ ನಮ್ಮ ಕಾಸರಗೋಡು ಯಾವ ರಾಜ್ಯಕ್ಕೆ ಸೇರಬೇಕು ಅಂತ ನಮ್ಮ ಹಿರಿಯರನ್ನು ಯಾರೂ ಓಟು ಹಾಕಿಸಿ ಕೇಳಲಿಲ್ಲ. ಅದಕ್ಕೇ ಇದು ನನಗೆ ಮುಖ್ಯ. 2022ರ ಚಳಿಗಾಲದ ಒಲಿಂಪಿಕ್ಸ್ ನೋಡಿ. ಮ್ಯೂನಿಕ್‌ನಲ್ಲಿ ಜನಮತ ಕೇಳಿದರು, ಬೇಡ ಅಂದರು. ಪೋಲೆಂಡಿನ ಕ್ರಾಕೋವ್‌ನಲ್ಲಿ ಕೇಳಿದರು, ಅಲ್ಲೂ ಬೇಡ ಅಂದರು. ನಾರ್ವೆ ಸರ್ಕಾರ ಖರ್ಚಿಗೆ ಒಪ್ಪದೆ ಓಸ್ಲೋ ಹಿಂದೆ ಸರಿಯಿತು. ಉಕ್ರೇನಿನ ಲ್ವಿವ್ ಯುದ್ಧದಿಂದಾಗಿ ಬಿಟ್ಟಿತು. ಉಳಿದದ್ದು ಬೀಜಿಂಗ್ ಮತ್ತು ಅಲ್ಮಾಟಿ ಮಾತ್ರ, 44-40ರಲ್ಲಿ ಬೀಜಿಂಗ್ ಗೆದ್ದಿತು. ಜನ ಬೇಡ ಅನ್ನಬಹುದಾದ ಕಡೆ ಬೇಡ ಅನ್ನುತ್ತಾರೆ. ಜನರನ್ನು ಕೇಳದ ದೇಶಗಳು ಕಣದಲ್ಲಿ ಉಳಿಯುತ್ತವೆ. ಗಲ್ವಾನ್ ಸಂಘರ್ಷದಲ್ಲಿದ್ದ ಚೀನಾದ ಸೇನಾಧಿಕಾರಿಯ ಕೈಗೆ ಆ ಬೀಜಿಂಗ್ ಕೂಟದ ಕ್ರೀಡಾಜ್ಯೋತಿ ಕೊಟ್ಟರು. ಭಾರತದ ರಾಜತಾಂತ್ರಿಕರು ಉದ್ಘಾಟನೆಗೂ ಸಮಾರೋಪಕ್ಕೂ ಹೋಗಲಿಲ್ಲ. ನಮ್ಮ ಒಬ್ಬನೇ ಆಟಗಾರ ಆರಿಫ್ ಖಾನ್ ಮಾತ್ರ ಹೋಗಿ ಆಡಿ ಬಂದರು.

2034ರ ವಿಶ್ವಕಪ್‌ನಲ್ಲಿ ಪೈಪೋಟಿಯೇ ಇರಲಿಲ್ಲ. ಆಸ್ಟ್ರೇಲಿಯಾ ಹಿಂದೆ ಸರಿದ ಮೇಲೆ ಸೌದಿ ಒಂದೇ ಉಳಿಯಿತು.

ಕ್ರಿಕೆಟ್‌ನಲ್ಲಿ ರಾಜಕೀಯ ನಡುವೆ ಬರುವುದು ನಮಗೆಲ್ಲ ಗೊತ್ತಿರುವುದೇ. 2025ರ ಚಾಂಪಿಯನ್ಸ್ ಟ್ರೋಫಿಗೆ ಆತಿಥ್ಯ ಪಾಕಿಸ್ತಾನದ್ದು. ಭಾರತ ತನ್ನ ಎಲ್ಲ ಪಂದ್ಯ ಆಡಿದ್ದು ದುಬೈಯಲ್ಲಿ, ಫೈನಲ್ ಕೂಡ ಅಲ್ಲೇ ನಡೆಯಿತು.

ಆತಿಥ್ಯ ಸಿಕ್ಕಿದವರಿಗೆ ಇನ್ನೊಂದು ಲಾಭ ಇದೆ, ಅದರ ಬಗ್ಗೆ ಜನ ಕಡಿಮೆ ಮಾತಾಡುತ್ತಾರೆ. ತಮ್ಮ ನೆಲದ ಆಟವನ್ನು ಕೂಟದೊಳಗೆ ತರಬಹುದು. 1964ರ ಟೋಕಿಯೋದಲ್ಲಿ ಜೂಡೋ ಬಂದದ್ದು ಹಾಗೆ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ಗೆ ಇಂಡೋನೇಷ್ಯಾ ತನ್ನ ಕಾದಾಟದ ಕಲೆ ಪೆಂಚಾಕ್ ಸಿಲಾಟ್ ತಂದಿತು. ಅದೊಂದರಲ್ಲೇ 16 ಚಿನ್ನದಲ್ಲಿ 14 ಗೆದ್ದಿತು. ನಮ್ಮ ಕುಂಬಳೆ, ಬದಿಯಡ್ಕ ಕಡೆ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟ ಅಂದರೆ ಜನ ಬೆಳಗಿನ ಜಾವದವರೆಗೂ ಕೂರುತ್ತಾರೆ. ಆ ಕಬಡ್ಡಿ 1990ರಿಂದ ಏಷ್ಯನ್ ಗೇಮ್ಸ್‌ನಲ್ಲಿದೆ, ಒಲಿಂಪಿಕ್ಸ್‌ನಲ್ಲಿ ಇನ್ನೂ ಇಲ್ಲ.

ಹಾಗಾಗಿ ಅಹಮದಾಬಾದ್ ವಿಷಯದಲ್ಲಿ ನನಗೆ ಎರಡು ಮನಸ್ಸಿದೆ. 2030ರ ಕಾಮನ್‌ವೆಲ್ತ್ ಗೇಮ್ಸ್ ಅಲ್ಲಿಗೆ ಸಿಕ್ಕಿದೆ. 2036ರ ಒಲಿಂಪಿಕ್ಸ್ ಬೇಕು ಅಂತ ಭಾರತ 2024ರಲ್ಲೇ ಪತ್ರ ಕೊಟ್ಟಿದೆ. ಕತಾರ್ ಕೂಡ ಅದಕ್ಕೆ ಆಸೆಪಟ್ಟಿದೆ. ನಮಗೆ ಸಿಕ್ಕಿದರೆ ಕಬಡ್ಡಿಗೆ ದಾರಿ ಸುಲಭ ಆಗುತ್ತೆ, ಅದನ್ನು ನೋಡುವ ಆಸೆ ನನಗೆ ತುಂಬ ಇದೆ. ಆದರೆ ಎಷ್ಟು ಖರ್ಚು, ಯಾರ ಜಾಗ ಹೋಗುತ್ತೆ, ಕೂಟ ಮುಗಿದ ಮೇಲೆ ಆ ಸ್ಟೇಡಿಯಂಗಳಲ್ಲಿ ಯಾರು ಆಡುತ್ತಾರೆ ಅನ್ನುವ ಲೆಕ್ಕವನ್ನು ಮೊದಲು ಆ ಊರಿನವರ ಮುಂದೆ ಇಡಬೇಕು. ಅವರು ಬೇಡ ಅಂದರೆ ಬೇಡ. ಕಬಡ್ಡಿ ಇನ್ನೂ ಸ್ವಲ್ಪ ಕಾಲ ಕಾಯಲಿ.