ಸಿಗರೇಟು ಬಿಟ್ಟವರ ಕಾಫಿ ಲೆಕ್ಕ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಯಸ್ಸು, ಕೆಲಸ, ಮನೆಯ ವಿವರಗಳನ್ನು ಬದಲಿಸಿದೆ.)

ಅವರಿಗೆ 41 ವರ್ಷ. ಇಪ್ಪತ್ತು ವರ್ಷ ದಿನಕ್ಕೊಂದು ಪ್ಯಾಕ್ ಸೇದಿದವರು ಐದು ವಾರದ ಹಿಂದೆ ಒಂದೇ ಏಟಿಗೆ ಬಿಟ್ಟಿದ್ದರು. ಹೆಂಡತಿಯ ಜೊತೆ ಬಂದು ಕೂತವರೇ, “ಮೇಡಂ, ಇನ್ನು ನನ್ನ ಕೈಲಾಗಲ್ಲ. ದಿನಕ್ಕೆ ಎರಡಾದರೂ ಸೇದಿಬಿಡ್ತೀನಿ, ಇಲ್ಲಾಂದ್ರೆ ತಲೆ ಕೆಟ್ಟುಹೋಗತ್ತೆ” ಎಂದರು. ರಾತ್ರಿ ಎರಡು ಗಂಟೆಯವರೆಗೆ ಕಣ್ಣಿಗೆ ನಿದ್ದೆ ಹತ್ತುತ್ತಿರಲಿಲ್ಲ. ಹಗಲಲ್ಲಿ ಎದೆ ಡವಡವ, ಬೆರಳುಗಳಲ್ಲಿ ಸಣ್ಣ ನಡುಕ, ಚಿಕ್ಕ ಮಾತಿಗೂ ಸಿಡುಕು. ವೈದ್ಯರ ಹತ್ತಿರ ಹೋಗಿ ಇಸಿಜಿ, ಥೈರಾಯ್ಡ್, ರಕ್ತದೊತ್ತಡ ನೋಡಿಸಿಕೊಂಡಿದ್ದರು, ಎಲ್ಲವೂ ಸರಿಯಾಗಿತ್ತು. ಆ ತಪಾಸಣೆ ಆಗದೆ ಬಂದಿದ್ದರೆ ಮೊದಲು ಅಲ್ಲಿಗೇ ಕಳಿಸುತ್ತಿದ್ದೆವು. ಎದೆಬಡಿತದ ದೂರನ್ನು ಮಾತಿನಲ್ಲೇ ಬಗೆಹರಿಸಲು ಹೊರಡುವುದು ತಪ್ಪು.

ಪ್ರಕರಣ ಬೇರೆ ದಿಕ್ಕಿಗೆ ತಿರುಗಿದ್ದು ಹೆಂಡತಿಯ ಒಂದು ಮಾತಿನಿಂದ: “ಬಿಟ್ಟ ಮೊದಲ ವಾರ ಇವರು ಇಷ್ಟು ಒದ್ದಾಡಿರಲಿಲ್ಲ. ಈಗಲೇ ಜಾಸ್ತಿ.”

ತಂಬಾಕು ಬಿಟ್ಟಾಗಿನ ತಳಮಳ ಮೊದಲ ವಾರ ಜೋರಾಗಿರುತ್ತದೆ. ಎರಡರಿಂದ ನಾಲ್ಕು ವಾರದೊಳಗೆ ಇಳಿಯುತ್ತಾ ಬರುತ್ತದೆ. ಐದನೇ ವಾರದಲ್ಲಿ ಏರುತ್ತಿದೆ ಎಂದರೆ ಅದರ ಜೊತೆ ಇನ್ನೊಂದು ಸೇರಿಕೊಂಡಿದೆ. ಇನ್ನೂ ಒಂದು ಸುಳಿವಿತ್ತು. ಸಿಗರೇಟು ಬಿಟ್ಟವರ ನಾಡಿಬಡಿತ ಸಾಮಾನ್ಯವಾಗಿ ಇಳಿಯುತ್ತದೆಯೇ ಹೊರತು ಏರುವುದಿಲ್ಲ. ಸಿಡುಕು, ಚಡಪಡಿಕೆ, ನಿದ್ದೆಗೇಡು ತಂಬಾಕಿನ ಹಂಬಲದಲ್ಲೂ ಇರುತ್ತವೆ, ಕಾಫಿಯಲ್ಲಿನ ಎಚ್ಚರಿಸುವ ವಸ್ತುವಾದ ಕೆಫೀನ್ ಹೆಚ್ಚಾದಾಗಲೂ ಇರುತ್ತವೆ. ಎದೆ ಡವಗುಟ್ಟುವುದು ಮತ್ತು ಕೈನಡುಕ ಮಾತ್ರ ಎರಡನೆಯದರ ಕಡೆಗೆ ಬೆರಳು ತೋರಿಸುತ್ತವೆ.

“ಕಾಫಿ ಎಷ್ಟು ಕುಡಿಯುತ್ತೀರಿ?” ಎಂದು ಕೇಳಿದಾಗ “ನಾಲ್ಕು ಕಪ್ಪು, ಅಷ್ಟೇನಿಲ್ಲ” ಎಂದರು. ಈ ಉತ್ತರವನ್ನು ಹಾಗೇ ಬರೆದುಕೊಳ್ಳಬಾರದು. ಮುಂದಿನ ಭೇಟಿಗೆ ದಿನಾ ಕುಡಿಯುವ ಮಗ್ಗನ್ನೇ ತರಲು ಹೇಳಿದೆವು. ಅವರು ಕಾಫಿ ತುಂಬುವ ಮಟ್ಟಕ್ಕೆ ನೀರು ಹಾಕಿಸಿ, ಆ ನೀರನ್ನು ಅಳತೆಯ ಜಾಡಿಗೆ ಸುರಿದು ನೋಡಿದರೆ 320 ಮಿಲಿ ಇತ್ತು. 240 ಮಿಲಿ ಸೋಸಿದ ಕಾಫಿಯಲ್ಲಿ ಸರಾಸರಿ 95 ಮಿಲಿಗ್ರಾಂ ಕೆಫೀನ್ ಇರುತ್ತದೆ. ಆ ಲೆಕ್ಕದಲ್ಲಿ ಅವರ ಒಂದು ಮಗ್ಗಿಗೆ ಸುಮಾರು 125, ನಾಲ್ಕಕ್ಕೆ 500. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400, ಒಂದು ಸಲಕ್ಕೆ 200 ಮಿಲಿಗ್ರಾಂವರೆಗೆ ಚಿಂತೆಯಿಲ್ಲ ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಹೇಳಿದೆ. ಇವರು ಆ ಗೆರೆ ದಾಟಿದ್ದರು, ಆದರೆ ಇಷ್ಟೆಲ್ಲ ಆಗುವಷ್ಟು ದೂರವೇನೂ ದಾಟಿರಲಿಲ್ಲ. ಉಳಿದ ಕಾರಣ ಹೊಗೆಯಲ್ಲಿತ್ತು.

ಕೆಫೀನನ್ನು ಒಡೆಯುವ ಕೆಲಸ ಯಕೃತ್ತಿನದು, ಅದರಲ್ಲೂ ಸಿವೈಪಿ1ಎ2 ಎಂಬ ಕಿಣ್ವದ್ದು. ತಂಬಾಕಿನ ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳು ಈ ಕಿಣ್ವವನ್ನು ಹುರಿಗೊಳಿಸಿ ದುಪ್ಪಟ್ಟು ದುಡಿಸುತ್ತವೆ. ಹಾಗಾಗಿ ಸೇದುವವರ ಮೈಯಿಂದ ಕೆಫೀನ್ ಬೇಗ ಖಾಲಿಯಾಗುತ್ತದೆ. ಅವರು ಕಾಫಿ ಹೆಚ್ಚು ಕುಡಿದೂ ನೆಮ್ಮದಿಯಾಗಿ ಮಲಗುವುದಕ್ಕೆ ಇದೂ ಒಂದು ಕಾರಣ. ಸಿಗರೇಟು ನಿಂತ ಕೆಲವೇ ದಿನಗಳಲ್ಲಿ ಕಿಣ್ವ ತನ್ನ ಸಹಜ ವೇಗಕ್ಕೆ ಇಳಿಯುತ್ತದೆ, ಮಗ್ಗು ಮಾತ್ರ ಹಳೆಯದೇ ಉಳಿಯುತ್ತದೆ. ಸಿಗರೇಟು ಬಿಟ್ಟು ಕಾಫಿ ಮುಂದುವರಿಸಿದವರ ರಕ್ತದಲ್ಲಿ ಕೆಫೀನ್ ಮಟ್ಟ ಸುಮಾರು ಎರಡು ಪಟ್ಟಾಗುತ್ತದೆ. ಇದು ನಿಕೋಟಿನ್‌ನ ಕೆಲಸವಲ್ಲ, ಹೊಗೆಯದು. ಆದ್ದರಿಂದ ಇವರಂತೆ, ಸೇದುವ ಹಂಬಲ ತಣಿಸಲು ನಿಕೋಟಿನ್ ಗಮ್ ಅಗಿಯುತ್ತಿದ್ದರೂ ಲೆಕ್ಕ ಬದಲಾಗುವುದಿಲ್ಲ.

ಇವರ ದಿನವನ್ನೇ ಕಾಗದದ ಮೇಲೆ ಬರೆದು ತೋರಿಸಿದೆವು. ಸೇದುತ್ತಿದ್ದಾಗ ಮೂರು ಮಗ್ಗು: ಬೆಳಗ್ಗೆ 7, 10.30, ಮಧ್ಯಾಹ್ನ 3. ಬಿಟ್ಟ ಮೇಲೆ ನಿದ್ದೆಯಿಲ್ಲದೆ ಸುಸ್ತಾಗುತ್ತಿದೆಯೆಂದು ಮೂರನೇ ವಾರದಿಂದ ಸಂಜೆ 6.30ಕ್ಕೆ ನಾಲ್ಕನೆಯದು ಸೇರಿತ್ತು. ಮಲಗುವುದು 11.30ಕ್ಕೆ. ರಕ್ತದಲ್ಲಿನ ಕೆಫೀನ್ ಅರ್ಧಕ್ಕಿಳಿಯಲು ಬೇಕಾಗುವ ಹೊತ್ತು ಸೇದದವರಲ್ಲಿ ಹೆಚ್ಚುಕಡಿಮೆ 5ರಿಂದ 6 ಗಂಟೆ, ಸೇದುವವರಲ್ಲಿ ಸುಮಾರು ಅದರ ಅರ್ಧ. ಲೆಕ್ಕ ಸುಲಭವಾಗಲೆಂದು 6 ಮತ್ತು 3 ಎಂದು ಹಿಡಿದೆವು. ಸೇದುತ್ತಿದ್ದಾಗ ಮೂರು ಮಗ್ಗಿನಿಂದ ಮಲಗುವ ಹೊತ್ತಿಗೆ ಮೈಯಲ್ಲಿ ಉಳಿಯುತ್ತಿದ್ದುದು ಸುಮಾರು 27 ಮಿಲಿಗ್ರಾಂ. ಬಿಟ್ಟ ಮೇಲೆ ಅದೇ ಮೂರಕ್ಕೆ ಸುಮಾರು 95. ಸಂಜೆಯ ಮಗ್ಗೂ ಸೇರಿದರೆ 160 ದಾಟುತ್ತದೆ. ಒಂದು ಎಸ್ಪ್ರೆಸೊದಲ್ಲಿ (ಚಿಕ್ಕ ಕಪ್ಪಿನ ಕಡು ಕಾಫಿ) 63 ಮಿಲಿಗ್ರಾಂ ಎಂದಿಟ್ಟುಕೊಂಡರೆ, ಎರಡೂವರೆ ಎಸ್ಪ್ರೆಸೊ ಹೊಟ್ಟೆಗಿಳಿಸಿ ಹಾಸಿಗೆಗೆ ಹೋದಂತಾಯಿತು. ಮಲಗುವ 6 ಗಂಟೆ ಮೊದಲು ಕುಡಿದ ಕೆಫೀನ್ ಕೂಡ ನಿದ್ದೆಯಲ್ಲಿ ಒಂದು ಗಂಟೆಗೂ ಹೆಚ್ಚು ಕಳೆಯಬಲ್ಲದು ಎಂದು 2013ರ ಅಧ್ಯಯನವೊಂದು ತೋರಿಸಿದೆ. ಅದರಲ್ಲಿ ಕೊಟ್ಟ ಪ್ರಮಾಣ 400 ಮಿಲಿಗ್ರಾಂ. ಇವರದು ಅಷ್ಟಿಲ್ಲ, ಆದರೆ ಇದು ಪ್ರತಿ ರಾತ್ರಿಯ ಪಾಡು.

ಆ ಕಾಗದವನ್ನು ಅವರು ಬಹಳ ಹೊತ್ತು ನೋಡಿದರು. ತನ್ನ ಮನಸ್ಸು ಗಟ್ಟಿಯಿಲ್ಲ ಎಂದು ಐದು ವಾರದಿಂದ ತನ್ನನ್ನೇ ಹಳಿದುಕೊಳ್ಳುತ್ತಿದ್ದ ಮನುಷ್ಯ ಅವರು. ಇಂಥ ಹೊತ್ತಿನಲ್ಲಿ ಎಷ್ಟೋ ಜನ ಮತ್ತೆ ಸಿಗರೇಟಿಗೆ ಕೈ ಹಾಕುತ್ತಾರೆ, ಆ ತಪ್ಪು ಅವರದಲ್ಲ. ಬಿಡುವ ಮೊದಲೇ ಯಾರಾದರೂ “ಕಾಫಿಯನ್ನೂ ಅರ್ಧ ಮಾಡಿ” ಎಂದಿದ್ದರೆ ಈ ಸಂಕಟದ ಬಹುಪಾಲು ತಪ್ಪುತ್ತಿತ್ತು. ದಿನಕ್ಕೆ ಎರಡು ಸೇದುವ ಅವರ ಉಪಾಯದಿಂದಲೂ ನಿದ್ದೆ ಬರುವುದಿಲ್ಲ. ನಿಕೋಟಿನ್ ಕೂಡ ಎಚ್ಚರಿಸುವ ವಸ್ತುವೇ.

ಕೊಟ್ಟ ಸಲಹೆ ಇದು. ಕಾಫಿ ಪೂರ್ತಿ ಬಿಡುವುದು ಬೇಡ, ಒಮ್ಮೆಗೇ ಕಡಿತವೂ ಬೇಡ. ದಿನದ ಕೊನೆಯಿಂದ ಹಿಂದಕ್ಕೆ ಕಡಿಯುತ್ತಾ ಬರಬೇಕು. ಮೊದಲ ದಿನ ಸಂಜೆಯ ಮಗ್ಗು ನಿಲ್ಲಿಸಿ, ಬೇಕೆನಿಸಿದರೆ ಕೆಫೀನ್ ತೆಗೆದ ಕಾಫಿ ಚಿಕ್ಕ ಲೋಟದಲ್ಲಿ. ಐದನೇ ದಿನದಿಂದ ಮಧ್ಯಾಹ್ನದ ಕಾಫಿಗೆ ಮಾಮೂಲಿ ಪುಡಿ ಅರ್ಧ, ಕೆಫೀನ್ ತೆಗೆದದ್ದು ಅರ್ಧ. ಒಂಬತ್ತನೇ ದಿನದಿಂದ ಅದೂ ಪೂರ್ತಿ ಕೆಫೀನ್ ತೆಗೆದದ್ದು. ಕೊನೆಗೆ ಉಳಿಯುವುದು 7ರದು ಮತ್ತು 10.30ರದು, ಒಟ್ಟು ಸುಮಾರು 250 ಮಿಲಿಗ್ರಾಂ. ಮಲಗುವ ಹೊತ್ತಿಗೆ ಮೈಯಲ್ಲಿ 45ರ ಆಸುಪಾಸು. ಕೆಫೀನ್ ತೆಗೆದ ಕಾಫಿಯಲ್ಲೂ ಕಪ್ಪಿಗೆ ಕೆಲವು ಮಿಲಿಗ್ರಾಂ ಉಳಿದಿರುತ್ತದೆ, ಈ ಲೆಕ್ಕಕ್ಕೆ ಅದು ನಗಣ್ಯ. ಕೋಲಾ, ಎನರ್ಜಿ ಡ್ರಿಂಕ್, ಚಹಾವನ್ನು ಬದಲಿಯಾಗಿ ತರಬಾರದು: 250 ಮಿಲಿ ಎನರ್ಜಿ ಡ್ರಿಂಕ್‌ನಲ್ಲಿ ಸುಮಾರು 80 ಮಿಲಿಗ್ರಾಂ, 240 ಮಿಲಿ ಚಹಾದಲ್ಲಿ 45ರಿಂದ 50.

ಗಮ್ಮಿನ ವಿಷಯದಲ್ಲೂ ಒಂದು ಎಡವಟ್ಟು ಬೆಳಕಿಗೆ ಬಂತು. ಕಾಫಿ ಮುಗಿದ ಕೂಡಲೇ ಸೇದುವ ಆಸೆ ಏಳುವುದರಿಂದ ಅವರು ಕೊನೆಯ ಗುಟುಕಿನ ಹಿಂದೆಯೇ ಗಮ್ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಕಾಫಿಯಿಂದ ಬಾಯಿ ಆಮ್ಲೀಯವಾಗಿರುವಾಗ ನಿಕೋಟಿನ್ ಕೆನ್ನೆಯ ಒಳಪೊರೆಯಿಂದ ಸರಿಯಾಗಿ ಇಳಿಯುವುದಿಲ್ಲ. ಗಮ್ ಹಾಕುವ 15 ನಿಮಿಷ ಮೊದಲು ಮತ್ತು ಬಾಯಲ್ಲಿರುವಷ್ಟು ಹೊತ್ತು ನೀರು ಬಿಟ್ಟು ಬೇರೇನೂ ಕೂಡದು. ಚುರುಚುರು ಅನ್ನುವವರೆಗೆ ನಿಧಾನ ಅಗಿದು, ಕೆನ್ನೆ ಮತ್ತು ಒಸಡಿನ ನಡುವೆ ಇಟ್ಟುಕೊಂಡು, ಚುರುಚುರು ತಗ್ಗಿದಾಗ ಮತ್ತೆ ಅಗಿಯಬೇಕು. ಅರ್ಧ ಗಂಟೆ ಹೀಗೆ. ಮಾಮೂಲಿ ಗಮ್ಮಿನಂತೆ ಒಂದೇ ಸಮ ಅಗಿದರೆ ನಿಕೋಟಿನ್ ಹೊಟ್ಟೆಗೆ ಹೋಗಿ ಬಿಕ್ಕಳಿಕೆ, ಹೊಟ್ಟೆ ತೊಳಸು ಬರುತ್ತದೆ. ಕಾಫಿ ಕುಡಿಯುವ ಜಾಗವನ್ನೂ ಬದಲಿಸಲು ಹೇಳಿದೆವು: ಸೇದುತ್ತಿದ್ದ ಬಾಲ್ಕನಿ ಬೇಡ, ಒಳಗೆ ಊಟದ ಮೇಜಿನ ಮುಂದೆ, ಎರಡೂ ಕೈಯಲ್ಲಿ ಮಗ್ಗು ಹಿಡಿದು.

ಎಲ್ಲ ಸಲೀಸಾಗಿ ಸಾಗಲಿಲ್ಲ. ನಿದ್ದೆ ಸುಧಾರಿಸಿದ ಹುಮ್ಮಸ್ಸಿನಲ್ಲಿ ಹತ್ತನೇ ದಿನ, ಶನಿವಾರ, ಅವರು ಕಾಫಿಯನ್ನು ಮುಟ್ಟಲೇ ಇಲ್ಲ. ಭಾನುವಾರ ಮಧ್ಯಾಹ್ನಕ್ಕೆ ತಲೆ ಸಿಡಿದುಹೋಗುವ ನೋವು, ಮಂಕು, ವಾಕರಿಕೆ. ಜೊತೆಗೆ ಸಿಗರೇಟಿನ ನೆನಪು. ಒಂದು ತಲೆನೋವಿನ ಮಾತ್ರೆ ನುಂಗಿದರು, ಅರ್ಧ ಮುಕ್ಕಾಲು ಗಂಟೆಯಲ್ಲಿ ಮಾಯವಾಯಿತು. ಸೋಮವಾರ ಆ ಮಾತ್ರೆಯ ಪೊಟ್ಟಣ ತರಿಸಿ ನೋಡಿದರೆ ಪ್ರತಿ ಮಾತ್ರೆಯಲ್ಲಿ 65 ಮಿಲಿಗ್ರಾಂ ಕೆಫೀನ್ ಇತ್ತು! ತಲೆನೋವು ತಂದದ್ದು ಕೆಫೀನಿನ ಕೊರತೆ, ನಿಲ್ಲಿಸಿದ್ದರಲ್ಲಿ ದೊಡ್ಡ ಪಾಲು ಅದೇ ಕೆಫೀನಿನದು. ಇದ್ದಕ್ಕಿದ್ದಂತೆ ನಿಲ್ಲಿಸಿದಾಗ ನೋವು 12ರಿಂದ 24 ಗಂಟೆಯಲ್ಲಿ ಶುರುವಾಗಿ, ಒಂದರಿಂದ ಎರಡು ದಿನದೊಳಗೆ ಜೋರಾಗಿ, 2ರಿಂದ 9 ದಿನ ಉಳಿಯಬಹುದು. ಕೆಫೀನ್ ಮೆದುಳಿನಲ್ಲಿ ಅಡೆನೊಸಿನ್ ಎಂಬ ನಿದ್ದೆ ಬರಿಸುವ ರಾಸಾಯನಿಕ ಕೂರುವ ಜಾಗ ಹಿಡಿದು ರಕ್ತನಾಳಗಳನ್ನು ಬಿಗಿಯಾಗಿಟ್ಟಿರುತ್ತದೆ. ಅದು ಎದ್ದುಹೋದಾಗ ನಾಳಗಳು ಹಿಗ್ಗುತ್ತವೆ, ತಲೆ ಮಿಡಿಯುತ್ತದೆ. ಅಂಥ ದಿನ ಮಾತ್ರೆ ಹುಡುಕುವ ಬದಲು ಅರ್ಧ ಮಗ್ಗು ಕಾಫಿ ಕುಡಿದು, ಮರುದಿನದಿಂದ ಪಟ್ಟಿಯ ಹಂತಕ್ಕೇ ಮರಳಬೇಕು.

ಹೆಂಡತಿ ಕೇಳಿದ್ದು: “ಹಾಗಾದ್ರೆ ಕಾಫಿ ಕೆಟ್ಟದ್ದೇ ಅಲ್ವಾ ಮೇಡಂ?” ಅಲ್ಲ. ಮಿತವಾಗಿ ಕುಡಿಯುವವರಲ್ಲಿ ಯಕೃತ್ತಿನ ಕಾಯಿಲೆ, ಎರಡನೇ ಬಗೆಯ ಸಕ್ಕರೆ ಕಾಯಿಲೆ ಕಡಿಮೆ ಕಂಡುಬಂದಿವೆ. ಕಾಗದದ ಸೋಸುಕದಲ್ಲಿ ಸೋಸದೆ ಕುದಿಸಿ ಕುಡಿದರೆ ಕೆಟ್ಟ ಕೊಲೆಸ್ಟರಾಲ್ ಏರಿಸುವ ಎಣ್ಣೆಯಂಶ ಕಪ್ಪಿಗೆ ಇಳಿಯುತ್ತದೆ, ಅಷ್ಟು ಗಮನವಿರಲಿ. ಗರ್ಭಿಣಿಯರಿಗೆ ಮಿತಿ ದಿನಕ್ಕೆ 200 ಮಿಲಿಗ್ರಾಂ. ಗರ್ಭನಿರೋಧಕ ಮಾತ್ರೆ ನುಂಗುವವರಲ್ಲೂ ಕೆಫೀನ್ ಖಾಲಿಯಾಗುವ ವೇಗ ಸುಮಾರು ಅರ್ಧಕ್ಕಿಳಿಯುತ್ತದೆ.

ಇದಕ್ಕಿಂತ ಗಂಭೀರವಾದದ್ದು ಇನ್ನೊಂದಿದೆ. ಮನೋರೋಗಕ್ಕೆ ಕೊಡುವ ಕ್ಲೋಜಪೈನ್, ಓಲಾಂಜಪೈನ್, ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್ ಔಷಧಗಳನ್ನೂ ಇದೇ ಕಿಣ್ವವೇ ಒಡೆಯುತ್ತದೆ. ಇವನ್ನು ತೆಗೆದುಕೊಳ್ಳುವವರು ಸಿಗರೇಟು ಬಿಟ್ಟರೆ ರಕ್ತದಲ್ಲಿ ಔಷಧದ ಮಟ್ಟ ಏರಿ ಅಪಾಯವಾಗಬಹುದು. ಹಾಗೆಂದು ಸೇದುತ್ತಲೇ ಇರಬೇಕಿಲ್ಲ. ಬಿಡುವ ದಿನಾಂಕವನ್ನು ವೈದ್ಯರಿಗೆ ಮೊದಲೇ ತಿಳಿಸಿದರೆ ಪ್ರಮಾಣವನ್ನು ಅವರು ಹೊಂದಿಸುತ್ತಾರೆ. ಎದೆನೋವು, ತಲೆ ತಿರುಗಿ ಬೀಳುವುದು, ಏದುಸಿರು ಎದೆಬಡಿತದ ಜೊತೆ ಬಂದರೆ ಕಾಫಿಯ ಲೆಕ್ಕ ಹಾಕುತ್ತಾ ಕೂರದೆ ಆಸ್ಪತ್ರೆಗೆ ಹೋಗಬೇಕು.

ಮೂರನೇ ತಿಂಗಳಿಗೆ ಬಂದಾಗ ಅವರು ಒಂದೂ ಸಿಗರೇಟು ಸೇದಿರಲಿಲ್ಲ. ಹನ್ನೆರಡರೊಳಗೆ ನಿದ್ದೆ ಹತ್ತುತ್ತಿತ್ತು, ಕೈನಡುಕ ನಿಂತಿತ್ತು. “ಈಗ ಎಲ್ಲ ಸರಿಹೋಯ್ತಲ್ಲ, ಸಂಜೆಯದನ್ನ ಮತ್ತೆ ಶುರು ಮಾಡ್ಲಾ?” ಎಂದು ಆಸೆಯಿಂದ ಕೇಳಿದರು. ಕಿಣ್ವದ ಹಳೆಯ ವೇಗವಿದ್ದದ್ದು ಹೊಗೆಯಿಂದ. ಹೊಗೆಯಿಲ್ಲದೆ ಅದು ಮರಳುವುದಿಲ್ಲ. ಹಾಗಾಗಿ ಸಂಜೆಗೆ ಕೆಫೀನ್ ತೆಗೆದದ್ದೇ ಎಂದು ಹೇಳಿ, ಮುಂದಿನ ಭೇಟಿಯನ್ನು ಆರು ತಿಂಗಳಿಗೆ ಗೊತ್ತುಮಾಡಿದೆವು.