ಪ್ರ: ಬೇಸ್‌ಮೆಂಟಿನಲ್ಲಿ ಪಕ್ಕದವರ ಬಾಗಿಲು ಬಡಿದು ನನ್ನ ಕಾರು ಹಾಳಾಗಿದೆ, ನಾನೂ ಕೀ ತಗೊಂಡು ಗೀಚಲೇ?

ಬೇಡ ಸಾರ್. ಅವರು ಅಜಾಗರೂಕತೆಯಿಂದ ತಾಗಿಸಿದ್ದರೆ ಅದು ಪರಿಹಾರದ ಮಾತು. ನೀವು ಬೇಕಂತಲೇ ಗೀಚಿದರೆ ಭಾರತೀಯ ನ್ಯಾಯ ಸಂಹಿತೆಯ 324ನೇ ಕಲಮಿನಡಿ ಅಪರಾಧ. ನಷ್ಟ 20,000 ರೂಪಾಯಿ ಮುಟ್ಟಿದರೆ ಎರಡು ವರ್ಷದವರೆಗೂ ಜೈಲಾಗಬಹುದು. ಬೇಸ್‌ಮೆಂಟಿನಲ್ಲಿ ಸಿಸಿಟಿವಿ ಇದ್ದರೆ ಅದು ನಿಮ್ಮನ್ನೂ ನೋಡುತ್ತಿರುತ್ತದೆ!

ಇವತ್ತೇ ಅಸೋಸಿಯೇಷನ್‌ಗೆ ದಿನ, ಸಮಯ ಬರೆದು ಈಮೇಲ್ ಕಳಿಸಿ, ಬಾಗಿಲು ಬಡಿದ ಸಿಸಿಟಿವಿ ದೃಶ್ಯವನ್ನು ತೆಗೆದಿಡಲು ಹೇಳಿ. ಹಳೆಯದರ ಮೇಲೆ ಹೊಸದು ರೆಕಾರ್ಡ್ ಆಗಿಬಿಟ್ಟರೆ ಕಥೆ ಮುಗಿಯಿತು. ಕಾರು ತೊಳೆಯಬೇಡಿ, ಅಂಟಿರುವ ಅವರ ಕಾರಿನ ಬಣ್ಣವೇ ಸಾಕ್ಷಿ. ಎರಡೂ ನಂಬರ್ ಪ್ಲೇಟ್ ಕಾಣುವಂತೆ ಒಂದು ಫೋಟೊ, ನೆಲದಿಂದ ಗುರುತಿನವರೆಗೆ ಟೇಪ್ ಹಿಡಿದು ಇನ್ನೊಂದು. ಅವರ ಬಾಗಿಲ ಅಂಚಿನ ಎತ್ತರಕ್ಕೆ ಅದು ಹೊಂದಿದರೆ ವಾದ ಬೆಳೆಯುವುದಿಲ್ಲ.

ಆಮೇಲೆ ಗೀರಿನ ಮೇಲೆ ಉಗುರು ಎಳೆಯಿರಿ. ಸಿಕ್ಕಿಕೊಳ್ಳದಿದ್ದರೆ ರಬ್ಬಿಂಗ್ ಕಾಂಪೌಂಡ್ (ಗೀರನ್ನು ಉಜ್ಜಿ ತೆಗೆಯುವ ಪೇಸ್ಟ್) ಸಾಕು. ಸಿಕ್ಕಿಕೊಂಡರೆ ಬಣ್ಣವೇ ಬೇಕು. ತಗಡು ಕಂಡರೆ ಟಚ್‌ಅಪ್ ತಡಮಾಡಬೇಡಿ, ತುಕ್ಕು ಹಿಡಿಯುತ್ತದೆ.

ಗ್ಯಾರೇಜಿನ ಲಿಖಿತ ಎಸ್ಟಿಮೇಟ್ ಹಿಡಿದು ಅವರ ಹತ್ತಿರ ದುಡ್ಡು ಕೇಳಿ. ವಿಮೆ ಕೊನೆಗಿರಲಿ: 1500 ಸಿಸಿವರೆಗಿನ ಕಾರಿಗೆ 1,000 ರೂಪಾಯಿ ನಿಮ್ಮ ಕೈಯಿಂದಲೇ, ಜೊತೆಗೆ 20ರಿಂದ 50 ಶೇಕಡಾ ನೋ ಕ್ಲೇಮ್ ಬೋನಸ್ಸೂ (ಕ್ಲೇಮ್ ಮಾಡದಿದ್ದರೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಹೋಗುತ್ತದೆ. ಚಿಕ್ಕ ಗೀರಿಗೆ ಅದು ದುಬಾರಿ.