ಹೃಷಿದಾ ಲೇಖನ ಕಳಿಸಿದವರಿಗೆ

ನಮಸ್ಕಾರ,

ಹಿಂದಿ ಚಿತ್ರ ನಿರ್ದೇಶಕ ಹೃಷಿಕೇಶ್ ಮುಖರ್ಜಿ (ಹೃಷಿದಾ) ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ಭಾಷೆ ಚೆನ್ನಾಗಿದೆ, ಸರಾಗವಾಗಿ ಓದಿಸಿಕೊಂಡು ಹೋಗುತ್ತದೆ. ತೊಂದರೆ ಅದಲ್ಲ. ‘ಕತ್ತರಿ ಹಿಡಿದ ಕತೆಗಾರ’ ಎಂದು ತಲೆಬರಹ ಕೊಟ್ಟಿದ್ದೀರಿ. ಒಳಗೆ ನೋಡಿದರೆ ಕತ್ತರಿಯ ವಿಷಯ, ಅಂದರೆ ಎಡಿಟಿಂಗ್, ಎರಡೇ ಸಾಲಿಗೆ ಮುಗಿದಿದೆ. ಮಿಕ್ಕಿದ್ದೆಲ್ಲ ಚಿತ್ರಗಳ ಪಟ್ಟಿ, ಪ್ರಶಸ್ತಿಗಳು, ‘ಮಧ್ಯಮ ವರ್ಗದ ಕನ್ನಡಿ’ ಥರದ ಹೊಗಳಿಕೆ. ಅವರಿಗೆ 1999ರ ಫಾಲ್ಕೆ ಪ್ರಶಸ್ತಿ ಬಂತು ಅಂತ ತಿಳಿಯಲು ಓದುಗರಿಗೆ ನಿಮ್ಮ ಲೇಖನವೇ ಬೇಕಿಲ್ಲ, ಅಲ್ವಾ?

ಅವರು ನಿರ್ದೇಶನಕ್ಕೆ ಇಳಿದದ್ದು 1957ರ ‘ಮುಸಾಫಿರ್’ನಿಂದ. ಅದಕ್ಕೂ ಮುಂಚೆ ಕಲ್ಕತ್ತದ ನ್ಯೂ ಥಿಯೇಟರ್ಸ್‌ನಲ್ಲಿ ಎಡಿಟಿಂಗ್ ಕಲಿತವರು. ಆಮೇಲೆ ಬೊಂಬಾಯಿಯಲ್ಲಿ ನಿರ್ದೇಶಕ ಬಿಮಲ್ ರಾಯ್ ಜೊತೆ ಕೆಲಸ. ರಾಯ್ ಅವರ 1953ರ ‘ದೋ ಬಿಘಾ ಜಮೀನ್’ಗೆ ಚಿತ್ರಕಥೆ ಬರೆದದ್ದೂ ಅವರೇ, ಸಂಕಲನ ಮಾಡಿದ್ದೂ ಅವರೇ. ನೀವು ಇದನ್ನು ಆವರಣದೊಳಗೆ ಹಾಕಿ ಮುಂದೆ ಹೋಗಿಬಿಟ್ಟಿದ್ದೀರಿ. ನನ್ನನ್ನು ಕೇಳಿದರೆ ಲೇಖನ ಶುರುವಾಗಬೇಕಾದದ್ದೇ ಅಲ್ಲಿಂದ. ಬರೆಯುವವನಿಗೆ ತಾನು ಬರೆದ ದೃಶ್ಯ ನಾಳೆ ತನ್ನ ಎಡಿಟಿಂಗ್ ಟೇಬಲ್ಲಿಗೇ ಬರುತ್ತದೆ ಅಂತ ಗೊತ್ತಿದ್ದರೆ, ಅವನು ಬರೆಯುವ ರೀತಿಯೇ ಬೇರೆ ಆಗುತ್ತದೆ.

ಅವರು ನಿರ್ದೇಶಿಸಿದ ‘ಆನಂದ್’ ಚಿತ್ರದ ಕೊನೆಯ ದೃಶ್ಯವನ್ನು ‘ಮನ ಕರಗಿಸುವ ಕ್ಲೈಮ್ಯಾಕ್ಸ್’ ಅಂದು ಬಿಟ್ಟಿದ್ದೀರಿ. ಕರಗಿಸುತ್ತದೆ ಅಂತ ಎಲ್ಲರಿಗೂ ಗೊತ್ತು. ಯಾಕೆ ಅಂತ ಹೇಳಿ. ಆನಂದ್ ಸಾಯುತ್ತಾನೆ ಅನ್ನುವುದು ನಮಗೆ ಮೊದಲ ದೃಶ್ಯದಲ್ಲೇ ತಿಳಿದಿರುತ್ತದೆ: ಗೆಳೆಯ ಡಾಕ್ಟರ್ ಭಾಸ್ಕರ್ ಅವನ ಬಗ್ಗೆ ಪುಸ್ತಕ ಬರೆದು, ವೇದಿಕೆಯ ಮೇಲೆ ನಿಂತಿದ್ದಾನೆ. ಅಂದರೆ ಕುತೂಹಲವನ್ನು ಬೇಕೆಂದೇ ಆರಂಭದಲ್ಲೇ ಖರ್ಚು ಮಾಡಿದ್ದಾರೆ. ನಡುವೆ ಒಂದು ಕಡೆ ಟೇಪ್ ರೆಕಾರ್ಡರ್ ಬರುತ್ತದೆ. ಭಾಸ್ಕರ್ ತನ್ನ ಕವಿತೆ ಓದುತ್ತಾನೆ, ಆನಂದ್ ಸೇರಿಕೊಂಡು ತಮಾಷೆ ಮಾಡುತ್ತಾನೆ. ಆಗ ಅದು ಸುಮ್ನೆ ಒಂದು ಮೋಜಿನ ದೃಶ್ಯ. ಕೊನೆಯಲ್ಲಿ ಆನಂದ್ ಹೋದಮೇಲೆ ಭಾಸ್ಕರ್ ‘ಮಾತಾಡು’ ಅಂತ ಅಳುತ್ತಾನೆ. ಟೇಪು ಇನ್ನೂ ತಿರುಗುತ್ತಿರುತ್ತದೆ. ಸ್ವಲ್ಪ ಹೊತ್ತಿನ ಮೌನ, ಆಮೇಲೆ ಸತ್ತವನ ದನಿ. ಸಂಭಾಷಣೆ ಗುಲ್ಜಾರ್ ಅವರದು, ಚಿತ್ರಕಥೆಯಲ್ಲೂ ಜೊತೆಗಾರರು ಇದ್ದರು. ಆದರೆ ಆ ಮೌನ ಎಷ್ಟು ಹೊತ್ತು ಇರಬೇಕು ಅನ್ನುವುದು ಕಾಗದದ ಮೇಲೆ ತೀರ್ಮಾನವಾಗುವ ಮಾತಲ್ಲ. ಅದು ಎಡಿಟಿಂಗ್ ಟೇಬಲ್ಲಿನ ಕೆಲಸ. ಆ ಚಿತ್ರದ ಸಂಕಲನವೂ ಹೃಷಿದಾ ಅವರದೇ. ನಿಮ್ಮ ತಲೆಬರಹಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಎಲ್ಲಿ ಸಿಗುತ್ತದೆ?

ನಿರ್ಮಾಪಕರಾಗಿ ಅವರ ಬಗ್ಗೆ ನೀವು ಬರೆದ ಪ್ಯಾರಾ ತೆಗೆದುಹಾಕಿ. ‘ಹಣಕ್ಕಿಂತ ಕಲೆ ದೊಡ್ಡದು ಎಂದು ನಂಬಿದ್ದರು’ ಅಂತೆ. ಯಾವ ನಿರ್ಮಾಪಕನ ಬಗ್ಗೆ ಹೀಗೆ ಬರೆಯಲು ಬರುವುದಿಲ್ಲ? ಬದಲಿಗೆ ಅವರದೇ ಚಿತ್ರ ‘ಚುಪ್ಕೆ ಚುಪ್ಕೆ’ಯ ಮನೆ ನೋಡಿ. ಅದು ಜೊತೆ ನಿರ್ಮಾಪಕ ಎನ್.ಸಿ. ಸಿಪ್ಪಿಯವರ ಬಂಗಲೆ, ಆಮೇಲೆ ಅಮಿತಾಭ್ ಬಚ್ಚನ್ ಕೊಂಡು ತಮ್ಮ ಮನೆ ‘ಜಲ್ಸಾ’ ಮಾಡಿಕೊಂಡದ್ದು ಅದನ್ನೇ. ಅದ್ದೂರಿ ಸೆಟ್ ಇಲ್ಲದೆ, ಮನೆಯೊಳಗೇ ಚಿತ್ರ ಮುಗಿಸುವ ಧೈರ್ಯ ಹೃಷಿದಾ ಅವರಿಗಿತ್ತು. ಟೇಬಲ್ಲಿನ ಮೇಲೆ ಏನು ಉಳಿಯುತ್ತದೆ, ಏನು ಕಸದ ಬುಟ್ಟಿಗೆ ಹೋಗುತ್ತದೆ ಅಂತ ಮೊದಲೇ ಗೊತ್ತಿದ್ದವರಿಗೆ ಬರುವ ಧೈರ್ಯ ಅದು ಅಂತ ನನ್ನ ಅನಿಸಿಕೆ. ನೀವು ಒಪ್ಪದಿದ್ದರೆ ವಾದ ಮಾಡಿ, ಅದೂ ಚೆಂದ.

‘ನಿರ್ದೇಶಕರಾದ ಮೇಲೆ ಎಡಿಟಿಂಗ್ ಬಿಟ್ಟರು’ ಅನ್ನುವ ಸಾಲು ತಪ್ಪು. ತಮ್ಮ ಚಿತ್ರಗಳ ಮಾತು ಬಿಡಿ, ಬೇರೆಯವರ ಚಿತ್ರಗಳನ್ನೂ ಮಾಡಿದರು. 1965ರಲ್ಲಿ ಮಲಯಾಳಂನ ‘ಚೆಮ್ಮೀನ್’. 1983ರಲ್ಲಿ ಮನಮೋಹನ್ ದೇಸಾಯಿಯವರ ‘ಕೂಲಿ’! ‘ಆನಂದ್’ ಮಾಡಿದ ಮನುಷ್ಯ ‘ಕೂಲಿ’ಯ ಫೈಟಿಂಗ್ ಕತ್ತರಿಸುತ್ತಾ ಕೂತಿದ್ದನ್ನು ನೆನೆಸಿಕೊಂಡರೆ ನನಗಂತೂ ಖುಷಿಯಾಗುತ್ತದೆ. ಈ ಎರಡು ಚಿತ್ರಗಳನ್ನೂ ನೋಡಿ, ಒಂದೊಂದು ದೃಶ್ಯ ಆರಿಸಿಕೊಂಡು ಶಾಟ್ ಶಾಟ್ ಆಗಿ ಬರೆಯಿರಿ.

ಪ್ರಶಸ್ತಿಗಳ ಪಟ್ಟಿಯಲ್ಲಿ ಬಿಮಲ್ ರಾಯ್ ಅವರ ‘ಮಧುಮತಿ’ಯ ಸಂಕಲನಕ್ಕೆ ಬಂದ ಫಿಲ್ಮ್‌ಫೇರ್ ಒಂದನ್ನು ಉಳಿಸಿಕೊಂಡು ಮಿಕ್ಕಿದ್ದನ್ನು ತೆಗೆಯಿರಿ. ಲೇಖನ ಅರ್ಧಕ್ಕೆ ಇಳಿದರೂ ಪರವಾಗಿಲ್ಲ. ಇನ್ನೊಂದು, ‘ಆನಂದ್’ 1970ರ ಚಿತ್ರ ಎಂದು ಎರಡು ಕಡೆ ಬರೆದಿದ್ದೀರಿ. ಬಿಡುಗಡೆಯಾದದ್ದು 1971ರಲ್ಲಿ. ಅದನ್ನೂ ಸರಿಮಾಡಿ ಕಳಿಸಿ, ಮತ್ತೆ ಓದುತ್ತೇನೆ.